ನೀಲಿ ಪೂರ್ತಿ ಮಾಯ, ಕಪ್ಪಿನಲ್ಲಿ ಬಿಳಿ ಗೆರೆ: ಪ್ರಿಂಟರ್ ಹೆಡ್ ಉಳಿಯುತ್ತದೆಯೇ?

ಸಪ್ತಾಪುರದ ಅಕ್ಕ, ಧಾರವಾಡ
ಜೂನ್ 17, ರಾತ್ರಿ 9.20

ಎಲ್ಲರಿಗೂ ನಮಸ್ಕಾರ. ನಾನು ಸಪ್ತಾಪುರದಲ್ಲಿ ಮನೆಯಲ್ಲಿಯೇ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳಿಗೆ ಇತಿಹಾಸ, ಭೂಗೋಳ ಹೇಳಿಕೊಡುತ್ತೇನೆ. ಪ್ರತಿ ಭಾನುವಾರ ಇಪ್ಪತ್ತೆರಡು ಮಕ್ಕಳಿಗೆ ಅಭ್ಯಾಸದ ಪ್ರಶ್ನೆಪತ್ರಿಕೆ, ಜೊತೆಗೆ ಒಂದು ಬಣ್ಣದ ನಕಾಶೆ ಕೊಡುವುದು ರೂಢಿ. ನಕಾಶೆಗಳನ್ನು ನಾನೇ ಬಿಡಿಸುತ್ತೇನೆ. ಹೊರಗೆ ಬಣ್ಣದ ಪ್ರತಿ ತೆಗೆಸಲು ಈ ಮಕ್ಕಳಿಂದ ಹಣ ಕೇಳುವುದು ನನಗೆ ಆಗುವುದಿಲ್ಲ. ಅದಕ್ಕೆಂದೇ ಮೂರು ವರ್ಷದ ಹಿಂದೆ ಟ್ಯಾಂಕ್ ಇರುವ ಪ್ರಿಂಟರ್ ಕೊಂಡೆ. ನಾಲ್ಕು ಬಣ್ಣ, ಬಾಟಲಿಯಿಂದ ಇಂಕ್ ಸುರಿಯುವ ಮಾದರಿ. ಹಾಳೆಯ ಮೇಲೆ ಇಂಕ್ ಚಿಮ್ಮಿಸುವ ಹೆಡ್ ಯಂತ್ರದೊಳಗೇ ಇದೆ, ಕೈಯಿಂದ ಬಿಚ್ಚಿ ತೆಗೆಯಲು ಬರುವುದಿಲ್ಲ.

ಏಪ್ರಿಲ್ ಮೊದಲ ವಾರ ಮಗಳ ಬಾಣಂತನಕ್ಕೆಂದು ಪುಣೆಗೆ ಹೋದೆ. ಹೊರಡುವ ಸಂಜೆ ಕೊನೆಯ ನಾಲ್ಕು ಹಾಳೆ ಮುದ್ರಿಸುತ್ತಿರುವಾಗಲೇ ಕರೆಂಟ್ ಹೋಯಿತು. ಬಸ್ಸಿಗೆ ಹೊತ್ತಾಗಿತ್ತು. ಅರ್ಧ ಸಿಕ್ಕಿಕೊಂಡಿದ್ದ ಹಾಳೆಯನ್ನು ಎಳೆದು ತೆಗೆದು, ಗೋಡೆಯ ಸ್ವಿಚ್ ಆರಿಸಿ ಹೊರಟುಬಿಟ್ಟೆ. ಮರಳಿ ಬಂದದ್ದು ಮೊನ್ನೆ, ಎರಡೂವರೆ ತಿಂಗಳ ಮೇಲೆ.

ಈಗ ನೋಡಿದರೆ ನಕಾಶೆಯಲ್ಲಿ ಕೃಷ್ಣೆ, ಮಲಪ್ರಭೆ, ತುಂಗಭದ್ರೆ ಮೂರೂ ಗುಲಾಬಿ ಬಣ್ಣಕ್ಕೆ ತಿರುಗಿವೆ. ಘಟ್ಟದ ಕಾಡು ಹಳದಿಯಾಗಿದೆ. ಕಪ್ಪು ಅಕ್ಷರದ ನಡುವೆ ಅಡ್ಡಲಾಗಿ ಸಣ್ಣ ಬಿಳಿ ಗೆರೆಗಳು. ‘ಕ’ ಯಾವುದು, ‘ತ’ ಯಾವುದು ಎಂದು ಮಕ್ಕಳು ಕಣ್ಣು ಕಿರಿದು ಮಾಡಿ ಓದಬೇಕು.

ಕಂಪ್ಯೂಟರಿನಲ್ಲಿರುವ ಹೆಡ್ ಕ್ಲೀನಿಂಗ್ ಅನ್ನು ನಿನ್ನೆಯಿಂದ ಏಳು ಸಲ ಮಾಡಿದೆ. ಇಂದು ಬೆಳಿಗ್ಗೆ ಇನ್ನೂ ಜೋರಾಗಿ ಇಂಕ್ ಎಳೆಯುವ ಪವರ್ ಕ್ಲೀನಿಂಗ್ ಒಮ್ಮೆ. ಟ್ಯಾಂಕಿನಲ್ಲಿ ಇಂಕ್ ಕಣ್ಣಿಗೆ ಕಾಣುವಷ್ಟು ಇಳಿಯಿತು, ನೀಲಿ ಮಾತ್ರ ಒಂದು ಚುಕ್ಕೆಯೂ ಬರಲಿಲ್ಲ. ಹುಬ್ಬಳ್ಳಿಯ ಒಬ್ಬ ರಿಪೇರಿಯವರಿಗೆ ಫೋಟೋ ಕಳಿಸಿದೆ. ಹೆಡ್ ಹೋಗಿದೆ, ಅದನ್ನು ಬದಲಿಸುವ ದುಡ್ಡಿಗೆ ಇನ್ನಷ್ಟು ಸೇರಿಸಿ ಹೊಸದನ್ನೇ ಕೊಳ್ಳಿ ಎಂದರು. ಪಕ್ಕದ ಮನೆಯವರು ಉಗುರುಬಣ್ಣ ತೆಗೆಯುವ ದ್ರಾವಣ ಹಾಕಿ ಒರೆಸಿ ಎನ್ನುತ್ತಾರೆ. ಕುದಿಯುವ ನೀರು ಹಾಕಿ ಎಂದವರೂ ಇದ್ದಾರೆ. ಮುಂದಿನ ಭಾನುವಾರ ಪರೀಕ್ಷೆ ಇದೆ. ಇದನ್ನು ಕೈಯಾರೆ ಮಾಡಿ ಬಲ್ಲವರು ದಯವಿಟ್ಟು ದಾರಿ ತೋರಿಸಿ.


ಗೋಕುಲ ರಸ್ತೆ ಡಿಟಿಪಿ, ಹುಬ್ಬಳ್ಳಿ
ಜೂನ್ 17, ರಾತ್ರಿ 10.05

ಮೇಡಂ, ಉಗುರುಬಣ್ಣ ತೆಗೆಯುವುದರಲ್ಲಿ ಸಾಮಾನ್ಯವಾಗಿ ಅಸಿಟೋನ್ ಇರುತ್ತದೆ. ಅದು ಪ್ಲಾಸ್ಟಿಕ್ಕನ್ನೂ ಹೆಡ್ಡಿನೊಳಗಿನ ಅಂಟನ್ನೂ ತಿನ್ನುತ್ತದೆ, ಹತ್ತಿರಕ್ಕೂ ತರಬೇಡಿ. ಕ್ಲೀನಿಂಗ್ ನಿಲ್ಲಿಸಿ. ಹೆಡ್ಡಿನ ರಂಧ್ರಗಳೆಲ್ಲ ಇಂಕ್ ಬಿಡುತ್ತಿವೆಯೇ ಎಂದು ಮೆಟ್ಟಿಲಿನಂಥ ಗೆರೆಗಳಲ್ಲಿ ತೋರಿಸುವ ನಾಜಲ್ ಚೆಕ್ ಹಾಳೆ ಮಾತ್ರ ಎರಡು ಸಲ ತೆಗೆದು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಎರಡರಲ್ಲಿಯೂ ಒಂದೇ ಜಾಗದಲ್ಲಿ ಗೆರೆ ತುಂಡಾಗಿದ್ದರೆ ಇಂಕ್ ಒಣಗಿ ಕಟ್ಟಿದೆ. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ತುಂಡಾಗಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ ಅಥವಾ ಇಂಕ್ ಸರಿಯಾಗಿ ಇಳಿಯುತ್ತಿಲ್ಲ. ನನ್ನ ಅಂಗಡಿಯಲ್ಲಿ ಈಗ ಲೇಸರ್ ಯಂತ್ರಗಳೇ ಇವೆ, ಒಳಗೆ ಕೈ ಹಾಕುವ ವಿಷಯವನ್ನು ಗದಗದ ಅಣ್ಣನವರು ಹೇಳಲಿ.


ಬೆಟಗೇರಿ ಮುದ್ರಕ, ಗದಗ
ಜೂನ್ 18, ಬೆಳಿಗ್ಗೆ 6.10

ಅಕ್ಕನವರೇ, ಹೊಸ ಪ್ರಿಂಟರಿನ ಮಾತು ಸದ್ಯಕ್ಕೆ ಬಿಡಿ. ಫೋಟೋ ನೋಡಿ ಹೆಡ್ ಹೋಗಿದೆ ಎಂದು ಹೇಳಲು ಯಾರಿಗೂ ಬರುವುದಿಲ್ಲ. ನಿಮ್ಮ ಬರಹದಲ್ಲಿ ಕಾರಣ ಎದ್ದು ಕಾಣುತ್ತಿದೆ: ಮುದ್ರಿಸುವಾಗ ಕರೆಂಟ್ ಹೋಯಿತು, ನೀವು ಗೋಡೆಯ ಸ್ವಿಚ್ ಆರಿಸಿ ಹೊರಟಿರಿ.

ಕೆಲಸ ಮುಗಿದ ಮೇಲೆ ಹೆಡ್ ತಾನಾಗಿ ಬಲತುದಿಗೆ ಸರಿದು ಒಂದು ಸಣ್ಣ ರಬ್ಬರ್ ಬಟ್ಟಲಿನ ಮೇಲೆ ಕೂರುತ್ತದೆ. ಅದನ್ನು ಕ್ಯಾಪ್ ಎನ್ನುತ್ತೇವೆ. ಮಸಿಕುಡಿಕೆಗೆ ಮುಚ್ಚಳ ಹೇಗೋ ಹೆಡ್ಡಿಗೆ ಅದು ಹಾಗೆ. ನಿಮ್ಮ ಹೆಡ್ ನಡುದಾರಿಯಲ್ಲಿ ನಿಂತಿತು. ಏಪ್ರಿಲ್, ಮೇ ತಿಂಗಳ ನಮ್ಮ ಕಡೆಯ ಬಿಸಿಲು, ಮುಚ್ಚಿದ ಮನೆ, ಎರಡೂವರೆ ತಿಂಗಳು ಮುಚ್ಚಳವಿಲ್ಲ. ಕಟ್ಟದೆ ಇದ್ದಿದ್ದರೆ ಆಶ್ಚರ್ಯಪಡಬೇಕಿತ್ತು.

ಒಳಗೆ ಏನಾಗಿದೆ ಎಂದು ತಿಳಿದುಕೊಂಡರೆ ಕೈಗೆ ತಾಳ್ಮೆ ತಾನಾಗಿ ಬರುತ್ತದೆ. ಎಪ್ಸನ್ ಎಲ್ 3110 ಎಂಬ ಯಂತ್ರವನ್ನು ಉದಾಹರಣೆಗೆ ತೆಗೆದುಕೊಳ್ಳಿ, ನಿಮ್ಮದೂ ಆ ಬಗೆಯದೇ ಇರಬೇಕು. ಅದರಲ್ಲಿ ಕಪ್ಪಿಗೆ 180 ರಂಧ್ರ, ಉಳಿದ ಮೂರು ಬಣ್ಣಕ್ಕೆ ತಲಾ 59. ಒಂದೊಂದು ರಂಧ್ರವೂ ತಲೆಗೂದಲಿಗಿಂತ ಸಣ್ಣದು. ಅದು ಉಗುಳುವ ಅತಿ ಸಣ್ಣ ಹನಿ 3 ಪಿಕೋಲೀಟರ್. ಒಂದು ಮಿಲಿಲೀಟರ್ ಇಂಕಿನಲ್ಲಿ ಅಂಥ ಹನಿ ಸುಮಾರು 33 ಕೋಟಿ. ಇಷ್ಟು ಸಣ್ಣ ಬಾಯಲ್ಲಿ ಒಂದು ಪದರ ಒಣಗಿದರೂ ಸಾಕು. ಇಂಕಿನಲ್ಲಿ ಬೇಗ ಒಣಗದಿರಲೆಂದು ಗ್ಲಿಸರಿನ್‌ನಂಥ ದ್ರವ ಬೆರೆಸಿರುತ್ತಾರೆ, ಆದರೆ ನೀರು ಪೂರ್ತಿ ಆರಿದ ಮೇಲೆ ಉಳಿಯುವುದು ಅಂಟು. ಬೆಲ್ಲದ ಪಾಕ ಪಾತ್ರೆಯ ಅಂಚಿಗೆ ಹತ್ತಿ ಗಟ್ಟಿಯಾಗುತ್ತದಲ್ಲ, ಅದೇ ರೀತಿ. ಆ ಪಾತ್ರೆಯನ್ನು ನೀವು ಉಳಿಯಿಂದ ಕೆರೆಯುವುದಿಲ್ಲ, ನೀರು ಹಾಕಿ ನೆನೆಯಲು ಇಡುತ್ತೀರಿ.

ನಮ್ಮ ಗದಗವನ್ನು ಮುದ್ರಣ ಕಾಶಿ ಎನ್ನುತ್ತಾರೆ. ನಮ್ಮ ತಂದೆ ಇಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸ ಮಾಡುತ್ತಿದ್ದರು. ರಾತ್ರಿ ಎಷ್ಟೇ ಹೊತ್ತಾದರೂ ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯದೆ ಪ್ರೆಸ್ಸಿನ ಬಾಗಿಲು ಹಾಕಿದವರಲ್ಲ. ತೊಳೆಯದೆ ಬಿಟ್ಟರೆ ‘ಠ’ ಅಕ್ಷರದ ಹೊಟ್ಟೆಯಲ್ಲಿ ಮಸಿ ಗಟ್ಟಿಯಾಗಿ ಮರುದಿನ ಕಪ್ಪು ಬೊಟ್ಟಿನಂತೆ ಮೂಡುತ್ತಿತ್ತು. ನನಗೆ ಎಂಟು ವರ್ಷ ಇರುವಾಗ ಆ ಹೊಟ್ಟೆಯನ್ನು ಗುಂಡುಸೂಜಿಯಿಂದ ಕೆದರಲು ಹೋಗಿ ಏಟು ತಿಂದಿದ್ದೇನೆ. ಸೀಸದ ಮೊಳೆಗೆ ಸೂಜಿಯಿಂದ ಗೀರು ಬೀಳುತ್ತದೆ, ಆ ಗೀರು ಪ್ರತಿ ಹಾಳೆಯಲ್ಲಿಯೂ ಮೂಡುತ್ತದೆ. ಆ ಮಸಿ ಎಣ್ಣೆಯದು, ಸೀಮೆಎಣ್ಣೆಗೆ ಬಿಡುತ್ತಿತ್ತು. ನಿಮ್ಮ ಇಂಕ್ ನೀರಿನದು, ನೀರಿಗೆ ಬಿಡಬೇಕು. ಇಷ್ಟು ವರ್ಷದಲ್ಲಿ ನಾನು ಕಂಡುಕೊಂಡದ್ದು ಇದೇ: ಹೆಡ್ಡನ್ನು ಬಿಡಿಸುವುದು ನೀರು ಮತ್ತು ಹೊತ್ತು. ಕೈಯ ಬಲಕ್ಕೆ ಅಲ್ಲಿ ಕೆಲಸವಿಲ್ಲ.

ನೀರು ಎಂದರೆ ನಲ್ಲಿಯದಲ್ಲ, ಕೊಳವೆಬಾವಿಯದಂತೂ ಬೇಡವೇ ಬೇಡ. ನಮ್ಮ ಭಾಗದ ಗಡುಸು ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಬಿಡುವುದನ್ನು ನೀವು ನೋಡಿಯೇ ಇರುತ್ತೀರಿ. ಅದೇ ಪದರ ಹೆಡ್ಡಿನಲ್ಲಿ ಕೂತರೆ ಮುಂದೆ ಯಾವ ಉಪಾಯವೂ ನಡೆಯುವುದಿಲ್ಲ. ಮನೆಯ ಇನ್ವರ್ಟರಿಗೆ ಹಾಕುವ ಬ್ಯಾಟರಿ ನೀರಿನ ಕ್ಯಾನ್ ತನ್ನಿ. ಚೀಟಿಯ ಮೇಲೆ ಡಿಸ್ಟಿಲ್ಡ್ ವಾಟರ್ ಎಂದು ಇದೆಯೇ ನೋಡಿಕೊಳ್ಳಿ, ಏಕೆಂದರೆ ಬ್ಯಾಟರಿ ಆಸಿಡ್ ಕೂಡ ಅಂಥದೇ ಕ್ಯಾನಿನಲ್ಲಿ ಬರುತ್ತದೆ. ಔಷಧ ಅಂಗಡಿಯಿಂದ 5 ಮಿಲಿಲೀಟರಿನ ಒಂದು ಸಿರಿಂಜ್ ತಂದು ಸೂಜಿಯನ್ನು ತೆಗೆದು ಬೇರೆ ಇಡಿ. ಕಿವಿಗೆ ಹಾಕುವ ಹತ್ತಿಕಡ್ಡಿ ನಾಲ್ಕು. ಎಳೆ ಬಿಡದ ಬಟ್ಟೆ ಬೇಕು, ಹಲವು ಸಲ ಒಗೆದು ಮೆತ್ತಗಾದ ಹಳೆಯ ಧೋತರದ ತುಂಡಿಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಕೆಲಸಕ್ಕೆ ಕೂರುವ ಮೊದಲು ಸ್ಕ್ಯಾನರ್ ಮುಚ್ಚಳ ಎತ್ತಿ ಟ್ಯಾಂಕಿನಿಂದ ಹೆಡ್ಡಿಗೆ ಹೋಗುವ ನಾಲ್ಕು ಸಣ್ಣ ಪೈಪುಗಳನ್ನು ಬ್ಯಾಟರಿ ಬೆಳಕಿನಲ್ಲಿ ನೋಡಿ. ನೀಲಿ ಪೈಪಿನಲ್ಲಿ ನಡುನಡುವೆ ಖಾಲಿ ಕಂಡರೆ ನನಗೆ ಬರೆಯಿರಿ, ಆಗ ದಾರಿ ಬೇರೆ. ತುಂಬಿದ್ದರೆ ಮುಂದುವರಿಯಿರಿ.

ಒಂದು ಹಾಳೆ ಮುದ್ರಿಸಲು ಕೊಡಿ. ಹೆಡ್ ಎಡಕ್ಕೆ ಹೊರಟ ಕೂಡಲೇ ಗೋಡೆಯ ಪ್ಲಗ್ ಕಿತ್ತುಬಿಡಿ. ಪ್ಲಗ್ ಹೊರಗೆ ಬಂದ ಮೇಲೆ ಮಾತ್ರ ಒಳಗೆ ಕೈ. ಈಗ ಹೆಡ್ಡನ್ನು ಬೆರಳಿನಿಂದ ಮೆಲ್ಲಗೆ ಎಡಕ್ಕೆ ಸರಿಸಿದರೆ ಬಲಮೂಲೆಯಲ್ಲಿ ಕ್ಯಾಪ್ ಕಾಣುತ್ತದೆ: ಒಳಗೆ ಸ್ಪಂಜು, ಸುತ್ತ ರಬ್ಬರ್ ಅಂಚು. ಅದರ ಪಕ್ಕದಲ್ಲಿ ನಾಲಿಗೆಯಂತೆ ನಿಂತ ಒಂದು ರಬ್ಬರ್ ಪಟ್ಟಿ, ಅದು ಹೆಡ್ಡಿನ ಅಡಿಯನ್ನು ಒರೆಸುವ ವೈಪರ್. ಹೆಡ್ಡಿನ ಹಿಂದೆ ಉದ್ದಕ್ಕೂ ಒಂದು ತೆಳು ಪಾರದರ್ಶಕ ಪಟ್ಟಿ ಹಾದುಹೋಗಿರುತ್ತದೆ. ಅದನ್ನು ಮುಟ್ಟಬೇಡಿ, ಅದಕ್ಕೆ ಕೊಳೆ ಹತ್ತಿದರೆ ಹೆಡ್ ಎಲ್ಲಿದೆ ಎಂಬುದೇ ಯಂತ್ರಕ್ಕೆ ತಿಳಿಯುವುದಿಲ್ಲ.

ಕ್ಯಾಪ್ ವಿಷಯದಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ, ಏಕೆಂದರೆ ಎಲ್ಲರೂ ತಪ್ಪುವುದು ಇಲ್ಲಿಯೇ. ನೀವು ಕ್ಲೀನಿಂಗ್ ಒತ್ತಿದಾಗ ಯಂತ್ರ ಮಾಡುವುದು ಒಂದೇ ಕೆಲಸ. ಕ್ಯಾಪ್ ಹೆಡ್ಡಿಗೆ ಬಿಗಿಯಾಗಿ ಕೂರುತ್ತದೆ, ಕೆಳಗಿನ ಪಂಪು ಇಂಕನ್ನು ಹೀರುತ್ತದೆ. ರಬ್ಬರ್ ಅಂಚಿನ ಮೇಲೆ ಒಣಗಿದ ಇಂಕಿನ ಏಣು ಇದ್ದರೆ, ಒಂದು ಕೂದಲೆಳೆ ಅಂಟಿದ್ದರೂ ಸಾಕು, ಅಲ್ಲಿಂದ ಗಾಳಿ ನುಸುಳಿ ಹೀರುವ ಬಲ ಹೋಗುತ್ತದೆ. ಆಮೇಲೆ ಇಪ್ಪತ್ತು ಸಲ ಕ್ಲೀನಿಂಗ್ ಮಾಡಿದರೂ ಸರಿಯಾಗಿರುವ ರಂಧ್ರಗಳಿಂದ ಇಂಕ್ ಹೋಗುತ್ತದೆಯೇ ಹೊರತು ಕಟ್ಟಿದ ರಂಧ್ರ ಕಟ್ಟಿಯೇ ಇರುತ್ತದೆ. ಹಾಗೆ ಹೋದ ಇಂಕೆಲ್ಲ ಯಂತ್ರದ ತಳದಲ್ಲಿರುವ ಹತ್ತಿಯಂಥ ವೇಸ್ಟ್ ಪ್ಯಾಡ್ ಸೇರುತ್ತದೆ. ಯಂತ್ರ ಅದರ ಲೆಕ್ಕ ಇಡುತ್ತದೆ. ಲೆಕ್ಕ ತುಂಬಿದ ದಿನ ಮುದ್ರಣವನ್ನೇ ನಿಲ್ಲಿಸುತ್ತದೆ. ಒಂದು ರೋಗಕ್ಕೆ ಮದ್ದು ಮಾಡಲು ಹೋಗಿ ಇನ್ನೊಂದನ್ನು ತಂದುಕೊಂಡವರು ನನ್ನ ಮನೆಗೆ ಪ್ರತಿ ಬೇಸಿಗೆಯ ಕೊನೆಗೆ ಬರುತ್ತಾರೆ.

ಆದ್ದರಿಂದ ಮೊದಲು ಕ್ಯಾಪ್. ನೀರನ್ನು ಉಗುರುಬೆಚ್ಚಗೆ ಮಾಡಿ, ಸಿರಿಂಜಿನಿಂದ ಸ್ಪಂಜಿನ ಮೇಲೆ ಹನಿಹನಿಯಾಗಿ ಎರಡು ಮಿಲಿಲೀಟರ್ ಬಿಡಿ. ಹತ್ತು ನಿಮಿಷ ಬಿಟ್ಟು ಹತ್ತಿಕಡ್ಡಿಯಿಂದ ಅಂಚನ್ನು ಸುತ್ತಲೂ ಒರೆಸಿ, ವೈಪರ್ ನಾಲಿಗೆಯ ಎರಡೂ ಬದಿ ಒರೆಸಿ. ಕಡ್ಡಿಗೆ ಕಪ್ಪು ಹತ್ತುವುದು ನಿಲ್ಲುವವರೆಗೆ ಮಾಡಿ. ಕೊಳೆನೀರನ್ನು ಬಟ್ಟೆಯ ತುದಿಯಿಂದ ಹೀರಿಸಿ. ಇದಾದ ಮೇಲೆ ಕ್ಯಾಪಿನಲ್ಲಿ ಹೊಸ ನೀರನ್ನು ಅಂಚಿಗೆ ಸಮನಾಗಿ ತುಂಬಿ, ತುಳುಕಿಸಬೇಡಿ. ಹೆಡ್ಡನ್ನು ಬಲಕ್ಕೆ ಸರಿಸಿ ಅದರ ಮೇಲೆ ಕೂರಿಸಿ. ಪ್ಲಗ್ ಹಾಕದೆ ರಾತ್ರಿಯೆಲ್ಲ ಹಾಗೆಯೇ ಇರಲಿ. ಬೆಳಿಗ್ಗೆ ಪ್ಲಗ್ ಹಾಕಿ, ಸಾದಾ ಕ್ಲೀನಿಂಗ್ ಒಂದೇ ಒಂದು ಸಲ, ಒಂದು ನಾಜಲ್ ಚೆಕ್. ಹಾಳೆಯ ಮೇಲೆ ದಿನ, ಗಂಟೆ ಬರೆದಿಡಿ. ಮೊದಲಿಗೆ ಬಣ್ಣ ತಿಳಿಯಾಗಿ ಬಂದರೆ ಹೆದರಬೇಡಿ, ನೀರು ಬೆರೆತಿರುತ್ತದೆ.

ಪವರ್ ಕ್ಲೀನಿಂಗನ್ನು ಮತ್ತೆ ಒತ್ತಬೇಡಿ. ಅದಕ್ಕೆ ಎಲ್ಲ ಟ್ಯಾಂಕುಗಳೂ ಮೂರನೇ ಒಂದು ಭಾಗವಾದರೂ ತುಂಬಿರಬೇಕು, ಒಮ್ಮೆ ಮಾಡಿದರೆ ಮತ್ತೆ ಮಾಡಲು 12 ಗಂಟೆ ಬಿಡಬೇಕು. ಇಂಕ್ ಕೆಳಗಿಳಿದಿರುವಾಗ ಮಾಡಿದರೆ ಪೈಪಿನೊಳಗೆ ಗಾಳಿ ಎಳೆದುಕೊಳ್ಳುತ್ತದೆ.

ಸಿರಿಂಜಿಗೆ ಪೈಪು ಜೋಡಿಸಿ ಹೆಡ್ಡಿನೊಳಗೆ ನೀರು ಒತ್ತುವ ವಿಡಿಯೊಗಳು ಬಹಳ ಇವೆ. ಮಾಡಬೇಡಿ. ಐದು ವರ್ಷದ ಹಿಂದೆ ಒಬ್ಬ ಹುಡುಗಿಯ ಪ್ರಿಂಟರಿಗೆ ನಾನು ಹಾಗೆ ಮಾಡಿದೆ. ಬೆರಳಿಗೆ ಒಮ್ಮೆಲೇ ತಡೆ ತಪ್ಪಿದಂತಾಯಿತು, ನೀರು ಸಲೀಸಾಗಿ ಹೋಯಿತು, ಬಿಟ್ಟಿತು ಎಂದುಕೊಂಡೆ. ಮುದ್ರಿಸಿದರೆ ಹಳದಿ ಇರಬೇಕಾದಲ್ಲಿ ಕಿತ್ತಳೆ. ಒಳಗಿನ ತೆಳು ಪೊರೆ ಹರಿದು ಎರಡು ಬಣ್ಣ ಕೂಡಿಬಿಟ್ಟಿದ್ದವು. ಅದಕ್ಕೆ ಮದ್ದಿಲ್ಲ. ಆಕೆಯ ಯಂತ್ರದ ಬೆಲೆಯನ್ನು ನಾನು ಕೊಟ್ಟೆ, ಆದರೆ ಆಕೆಯ ಪ್ರಬಂಧ ಒಪ್ಪಿಸುವ ದಿನ ತಪ್ಪಿತು, ಅದನ್ನು ಯಾರು ಕೊಡುತ್ತಾರೆ?


ಬ್ಯಾಡಗಿಯಿಂದ ಒಬ್ಬ
ಜೂನ್ 18, ಮಧ್ಯಾಹ್ನ 1.30

ಅಣ್ಣಾವರೇ, ನಡುವೆ ಬಂದು ಕೇಳುತ್ತಿರುವುದಕ್ಕೆ ಬೇಸರ ಮಾಡಿಕೊಳ್ಳಬೇಡಿ. ನಾವು ಮನೆಯಲ್ಲಿ ಮೆಣಸಿನಕಾಯಿ ಪುಡಿ ಮಾಡಿ ಕಾಲು ಕೆಜಿ, ಅರ್ಧ ಕೆಜಿ ಪೊಟ್ಟಣ ಕಟ್ಟುತ್ತೇವೆ. ಪೊಟ್ಟಣದ ಚೀಟಿ ಮುದ್ರಿಸಲು ಸಣ್ಣ ಪ್ರಿಂಟರ್ ಇದೆ, ಕಪ್ಪಿಗೊಂದು ಬಣ್ಣಕ್ಕೊಂದು ಕಾರ್ಟ್ರಿಜ್ ಹಾಕುವಂಥದು. ಕಪ್ಪು ಕಾರ್ಟ್ರಿಜ್ ಖಾಲಿಯಾದಾಗ ಮೇಲಿನ ಚೀಟಿ ಕಿತ್ತು, ತೂತಿನಿಂದ ಸಿರಿಂಜಿನಲ್ಲಿ ಇಂಕ್ ತುಂಬಿ, ಇಂಕ್ ಆರಬಾರದೆಂದು ತೂತುಗಳಿಗೆಲ್ಲ ಟೇಪ್ ಬಿಗಿದೆ. ಮೊದಲ ಎರಡು ಚೀಟಿ ಚೆನ್ನಾಗಿ ಬಂದವು, ಮೂರನೆಯದು ಅರ್ಧಕ್ಕೆ ಮಸುಕಾಯಿತು, ಆಮೇಲೆ ಏನೂ ಇಲ್ಲ. ಕೈಯಲ್ಲಿ ಹಿಡಿದರೆ ಕಾರ್ಟ್ರಿಜ್ ಭಾರವಾಗಿದೆ. ನಾನೂ ರಾತ್ರಿಯೆಲ್ಲ ನೆನೆಸಲೇ?


ಬೆಟಗೇರಿ ಮುದ್ರಕ, ಗದಗ
ಜೂನ್ 18, ಮಧ್ಯಾಹ್ನ 3.15

ತಮ್ಮಾ, ನಿನ್ನದನ್ನು ನೆನೆಸುವ ಮೊದಲು ಆ ಟೇಪ್ ಕಿತ್ತು ಹಾಕು. ಸ್ಟ್ರಾ ಮೇಲೆ ಬೆರಳು ಒತ್ತಿ ಹಿಡಿದರೆ ಒಳಗಿನ ನೀರು ಕೆಳಗೆ ಬೀಳುವುದಿಲ್ಲವಲ್ಲ, ಅದೇ ಆಗಿದೆ. ಇಂಕ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ಅದಕ್ಕೆಂದೇ ಮೇಲೆ ಗಾಳಿತೂತು ಇಟ್ಟಿರುತ್ತಾರೆ. ಎರಡು ಚೀಟಿ ಬಂದು ಮೂರನೆಯದು ಮಸುಕಾಯಿತು ಎಂದೆಯಲ್ಲ, ಅದು ಗಾಳಿ ಸಿಗದ ಕಾರ್ಟ್ರಿಜ್ಜಿನ ಲಕ್ಷಣ. ಮೂಲ ಚೀಟಿಯನ್ನೇ ಮೆಲ್ಲಗೆ ಅದರ ಜಾಗದಲ್ಲಿ ಮತ್ತೆ ಅಂಟಿಸು, ಅದರ ಅಡಿಯಲ್ಲಿ ಗಾಳಿಗೆ ಸಣ್ಣ ಕಾಲುವೆ ಇರುತ್ತದೆ.

ಇನ್ನೊಂದು ಮಾತು, ನಿನ್ನ ಯಂತ್ರದ ಜಾತಿ ಬೇರೆ. ಅಕ್ಕನವರ ಹೆಡ್ಡಿನಲ್ಲಿ ಕರೆಂಟ್ ತಾಗಿದಾಗ ಬಾಗುವ ಒಂದು ಹರಳು ಇಂಕನ್ನು ಒತ್ತಿ ಹೊರಗೆ ಹಾಕುತ್ತದೆ. ಎಪ್ಸನ್, ಬ್ರದರ್ ಯಂತ್ರಗಳು ಆ ಬಗೆಯವು. ಎಚ್‌ಪಿ, ಕ್ಯಾನನ್ ಮನೆಯ ಪ್ರಿಂಟರುಗಳಲ್ಲಿ ರಂಧ್ರದ ಹಿಂದೆ ಕಣ್ಣಿಗೆ ಕಾಣದಷ್ಟು ಸಣ್ಣ ಹೀಟರ್ ಇರುತ್ತದೆ, ಇಂಕ್ ಕ್ಷಣಕ್ಕೆ ಕುದಿದು ಗುಳ್ಳೆ ಎದ್ದು ಹನಿಯನ್ನು ತಳ್ಳುತ್ತದೆ. ಇದು ಹೊಳೆದ ಬಗೆ ನನಗೆ ಬಹಳ ಇಷ್ಟ. 1977ರಲ್ಲಿ ಜಪಾನಿನ ಕ್ಯಾನನ್ ಕಂಪನಿಯಲ್ಲಿ ಇಚಿರೋ ಎಂಡೋ ಎಂಬವರು ಸಂಶೋಧನೆ ನಡೆಸುತ್ತಿದ್ದಾಗ ಬಿಸಿ ಸೋಲ್ಡರಿಂಗ್ ಕಡ್ಡಿ ಇಂಕ್ ತುಂಬಿದ ಸಿರಿಂಜಿನ ಸೂಜಿಗೆ ಆಕಸ್ಮಿಕವಾಗಿ ತಗಲಿತು, ಸೂಜಿಯ ತುದಿಯಿಂದ ಇಂಕ್ ಚಿಮ್ಮಿತು. ನೀನು ಇಂಕ್ ತುಂಬಿದಂಥದೇ ಒಂದು ಸಿರಿಂಜಿನಿಂದ ಹುಟ್ಟಿದ ವಿದ್ಯೆ ಅದು.

ಹೀಟರಿನ ಎದುರು ಇಂಕ್ ಇಲ್ಲದೆ ಮತ್ತೆ ಮತ್ತೆ ಮುದ್ರಿಸಿದರೆ ಅದು ಸುಟ್ಟುಹೋಗುತ್ತದೆ. ಆದ್ದರಿಂದ ಬಾರದ ಕಾರ್ಟ್ರಿಜ್ಜಿನಲ್ಲಿ ಬರುತ್ತದೆಯೇನೋ ಎಂದು ಹಾಳೆಯ ಮೇಲೆ ಹಾಳೆ ಹಾಕಬೇಡ. ಟೇಪ್ ಕಿತ್ತ ಮೇಲೂ ಬಾರದಿದ್ದರೆ ಒಂದು ತಟ್ಟೆಯಲ್ಲಿ ಎರಡು ಮೂರು ಮಿಲಿಮೀಟರ್ ಮಾತ್ರ ನಿಲ್ಲುವಷ್ಟು ಬಿಸಿ ಡಿಸ್ಟಿಲ್ಡ್ ನೀರು ಹಾಕು. ಬಿಸಿ ಎಂದರೆ ಕೂಸಿಗೆ ಎರೆಯುವಷ್ಟು. ಕಾರ್ಟ್ರಿಜ್ಜಿನ ರಂಧ್ರದ ಮುಖವನ್ನು ಕೆಳಗೆ ಮಾಡಿ ಹತ್ತು ನಿಮಿಷ ನಿಲ್ಲಿಸು, ತಾಮ್ರದ ಚುಕ್ಕೆಗಳಿರುವ ಬದಿ ನೀರಿನ ಮೇಲೆ ಇರಲಿ. ಆಮೇಲೆ ಒದ್ದೆ ಬಟ್ಟೆಯ ಮಡಿಕೆಯ ಮೇಲೆ ಒತ್ತಿ ಹಿಡಿ, ಉಜ್ಜಬೇಡ. ಒಂದು ಉದ್ದನೆಯ ಕಪ್ಪು ಪಟ್ಟೆ ತುಂಡಾಗದೆ ಮೂಡಿದರೆ ಇಂಕ್ ಇಳಿಯಿತು ಎಂದು ತಿಳಿ. ಈ ಬಗೆಯ ಕಪ್ಪು ಇಂಕ್ ಹೆಚ್ಚಾಗಿ ಪಿಗ್ಮೆಂಟ್. ಬಣ್ಣದ ಇಂಕ್ ನೀರಿನಲ್ಲಿ ಸಕ್ಕರೆ ಕರಗಿದಂತೆ, ಪಿಗ್ಮೆಂಟ್ ಎಂದರೆ ಸುಣ್ಣದ ನೀರಿನಂತೆ, ನುಣ್ಣನೆಯ ಕಣ ತೇಲುತ್ತಿರುತ್ತದೆ. ಹಾಗಾಗಿ ಅದು ಬಿಡುವುದು ನಿಧಾನ, ಎರಡು ಮೂರು ಸಲ ಬೇಕಾಗಬಹುದು. ಮೂರಕ್ಕೂ ಬಾರದಿದ್ದರೆ ಹೊಸ ಕಾರ್ಟ್ರಿಜ್ ತಾ. ನಿನ್ನ ಹೆಡ್ ಅದರಲ್ಲೇ ಇರುವುದರಿಂದ ಹೊಸ ಹೆಡ್ಡೇ ಬಂದಂತೆ.

ಪುಡಿ ಕುಟ್ಟುವ ಕೋಣೆಯಲ್ಲಿ ಪ್ರಿಂಟರ್ ಇಟ್ಟಿದ್ದರೆ ಮೊದಲು ಅಲ್ಲಿಂದ ತೆಗೆ. ಆ ದೂಳು ಕೆಂಪಗೆ ಎಲ್ಲದರ ಮೇಲೂ ಕೂರುತ್ತದೆ, ರಂಧ್ರದ ಬಾಯಿಯ ಮೇಲೂ.


ಸಪ್ತಾಪುರದ ಅಕ್ಕ, ಧಾರವಾಡ
ಜೂನ್ 19, ಬೆಳಿಗ್ಗೆ 8.00

ಅಣ್ಣನವರೇ, ನಿನ್ನೆ ಸಂಜೆ ನೀವು ಹೇಳಿದಂತೆ ಕೂತೆ. ಪೈಪುಗಳು ನಾಲ್ಕೂ ತುಂಬಿದ್ದವು. ಕ್ಯಾಪ್ ಕಂಡಾಗ ನನಗೆ ಸಂಕಟವಾಯಿತು. ರಬ್ಬರ್ ಅಂಚಿನ ಮೇಲೆ ಒಣಗಿದ ಇಂಕು ಕಾಡಿಗೆಯ ಡಬ್ಬಿಯ ಬಾಯಿಯಂತೆ ದಪ್ಪಗೆ ಕಟ್ಟಿತ್ತು, ಮುಂಬದಿಯಲ್ಲಿ ಒಂದು ನೂಲೆಳೆ ಅದರಲ್ಲಿ ಹೂತುಕೊಂಡಿತ್ತು. ಪ್ರಿಂಟರ್ ಮೇಲೆ ಹೊದಿಸುವ ಹಳೆಯ ಟವೆಲ್ಲಿನದು ಅದು, ಬಣ್ಣ ಗುರುತು ಸಿಕ್ಕಿತು. ಹನ್ನೊಂದು ಹತ್ತಿಕಡ್ಡಿ ಬೇಕಾದವು. ಹನ್ನೊಂದನೆಯದು ಬೆಳ್ಳಗೆ ಬಂತು.

ಇಂದು ಬೆಳಿಗ್ಗೆ ನಾಜಲ್ ಚೆಕ್ ಹಾಳೆಯಲ್ಲಿ ಕಪ್ಪು ಮೆಟ್ಟಿಲುಗಳು ಒಂದೂ ತಪ್ಪದೆ ಬಂದಿವೆ. ನೀಲಿಯಲ್ಲಿ ಮೇಲಿನ ಅರ್ಧ ಬಂದಿದೆ! ಕೆಳಗಿನ ಅರ್ಧ ಇನ್ನೂ ಖಾಲಿ. ಕ್ಲೀನಿಂಗ್ ಒತ್ತಬೇಕೆಂದು ಕೈ ಹೋಗುತ್ತಿದೆ, ತಡೆದುಕೊಂಡು ನಿಮ್ಮನ್ನು ಕೇಳುತ್ತಿದ್ದೇನೆ.


ಬೆಟಗೇರಿ ಮುದ್ರಕ, ಗದಗ
ಜೂನ್ 19, ಬೆಳಿಗ್ಗೆ 8.25

ತಡೆದುಕೊಂಡಿರಲ್ಲ, ಅರ್ಧ ಕೆಲಸ ಅಲ್ಲಿಗೇ ಆಯಿತು. ಕಪ್ಪು ಬಂದಿದೆ ಎಂದರೆ ಕ್ಯಾಪ್ ಬಿಗಿಯಾಗಿ ಕೂರುತ್ತಿದೆ, ಪಂಪು ಹೀರುತ್ತಿದೆ. ಹೆಡ್ ಸತ್ತಿಲ್ಲ.

ಈಗ ಧೋತರದ ತುಂಡನ್ನು ಎರಡು ಬೆರಳಿನಷ್ಟು ಅಗಲಕ್ಕೆ ಮಡಚಿ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿ. ಹಿಂದಿನಂತೆಯೇ ಪ್ಲಗ್ ಕಿತ್ತು ಹೆಡ್ಡನ್ನು ಸರಿಸಿ, ಅದು ಓಡಾಡುವ ಹಾದಿಯಲ್ಲಿ ಬಟ್ಟೆಯನ್ನು ಉದ್ದಕ್ಕೆ ಹಾಸಿ, ಹೆಡ್ಡನ್ನು ಅದರ ಮೇಲೆ ನಿಲ್ಲಿಸಿ. ಮೂರು ಗಂಟೆ. ತೆಗೆದಾಗ ಬಟ್ಟೆಯ ಮೇಲೆ ನಾಲ್ಕು ಬಣ್ಣದ ಪಟ್ಟೆ ಮೂಡಿರಬೇಕು. ನೀಲಿ ಪಟ್ಟೆ ಎಷ್ಟು ಉದ್ದ ಇದೆ ಎಂದು ನೋಡಿ, ಅದು ಕಪ್ಪಿನಷ್ಟು ಉದ್ದ ಇರುವುದಿಲ್ಲ, ಹಳದಿಯ ಪಟ್ಟೆಯ ಜೊತೆ ಹೋಲಿಸಿ. ಬಟ್ಟೆ ತೆಗೆಯಲು ಮರೆಯಬೇಡಿ. ರಾತ್ರಿ ಮತ್ತೆ ಕ್ಯಾಪಿನಲ್ಲಿ ನೀರು ಬಿಟ್ಟು ಕೂರಿಸಿ. ನಾಳೆ ಬೆಳಿಗ್ಗೆ ಒಂದು ಕ್ಲೀನಿಂಗ್, ಒಂದು ಚೆಕ್. ಆಮೇಲೆ ಅರ್ಧ ಹಾಳೆಯಷ್ಟು ಬರೀ ನೀಲಿ ಬಣ್ಣ ತುಂಬಿದ ಪುಟವೊಂದನ್ನು ಮುದ್ರಿಸಿ. ಕ್ಲೀನಿಂಗ್ ನಾಲ್ಕೂ ಬಣ್ಣವನ್ನು ಚೆಲ್ಲುತ್ತದೆ, ಈ ಪುಟ ನಿಮಗೆ ಬೇಕಾದ ಒಂದೇ ಬಣ್ಣವನ್ನು ಎಳೆಯುತ್ತದೆ.

ಟವೆಲ್ ಬೇಡ. ಒಗೆದ ಹತ್ತಿ ಸೀರೆಯ ತುಂಡು ಅಥವಾ ಪ್ಲಾಸ್ಟಿಕ್ ಹಾಳೆ ಹೊದಿಸಿ.


ಬ್ಯಾಡಗಿಯಿಂದ ಒಬ್ಬ
ಜೂನ್ 19, ಸಂಜೆ 6.40

ಟೇಪ್ ಕಿತ್ತೆ, ಹತ್ತು ನಿಮಿಷ ಬಿಟ್ಟು ಮುದ್ರಿಸಿದೆ, ಬಂತು. ನೆನೆಸಲೇ ಇಲ್ಲ. ನಲವತ್ತು ಚೀಟಿ ಒಂದೇ ಓಟಕ್ಕೆ ಬಂದವು. ಪ್ರಿಂಟರನ್ನು ದೇವರ ಕೋಣೆಯ ಪಕ್ಕಕ್ಕೆ ತಂದಿಟ್ಟಿದ್ದೇನೆ. ಅಣ್ಣಾವರೇ, ಗದಗಕ್ಕೆ ಬಂದಾಗ ನಿಮಗೆ ಈ ಸಲದ ಪುಡಿ ತಂದು ಕೊಡುವೆ.


ಸಪ್ತಾಪುರದ ಅಕ್ಕ, ಧಾರವಾಡ
ಜೂನ್ 21, ಮಧ್ಯಾಹ್ನ 12.10

ನಿನ್ನೆ ಬೆಳಿಗ್ಗೆ ನೀಲಿಯಲ್ಲಿ ಎರಡು ಗೆರೆ ಮಾತ್ರ ಬಾಕಿ ಉಳಿದಿದ್ದವು. ಬರೀ ನೀಲಿಯ ಪುಟ ಮುದ್ರಿಸಿದೆ. ಅದರ ಮೊದಲ ಒಂದು ಅಂಗುಲ ತಿಳಿನೀರಿನಂತೆ, ಆಮೇಲೆ ಬಣ್ಣ ತುಂಬುತ್ತಾ ಬಂದು ಕೆಳಗಂಚಿಗೆ ಬರುವಷ್ಟರಲ್ಲಿ ಆಕಾಶನೀಲಿ ಗಟ್ಟಿಯಾಗಿತ್ತು. ಇನ್ನೇನೂ ಮಾಡದೆ ರಾತ್ರಿ ಬಿಟ್ಟೆ. ಇಂದು ಚೆಕ್ ತೆಗೆದರೆ ಒಂದು ಗೆರೆಯೂ ತಪ್ಪಿಲ್ಲ. ಎಲ್ಲ ಹಾಳೆಗಳನ್ನೂ ದಿನ, ಗಂಟೆ ಬರೆದು ಜೋಡಿಸಿಟ್ಟಿದ್ದೇನೆ, 17ರಿಂದ 21ರವರೆಗೆ ನೀಲಿ ಮೆಟ್ಟಿಲು ಮೇಲಿನಿಂದ ಕೆಳಕ್ಕೆ ಇಳಿದು ಬಂದದ್ದು ಕಾಣುತ್ತದೆ.

ಆಮೇಲೆ ನದಿಗಳ ನಕಾಶೆ ಹಾಕಿದೆ. ಮಲಪ್ರಭೆ ಕಣಕುಂಬಿಯಿಂದ ಕೂಡಲಸಂಗಮದವರೆಗೆ ಎಲ್ಲಿಯೂ ಕಡಿಯದೆ ಬಂದಿದ್ದಾಳೆ. ಗಳಗನಾಥದ ಹತ್ತಿರ ವರದೆ ತುಂಗಭದ್ರೆಯನ್ನು ಕೂಡುವ ಜಾಗವನ್ನು ಕನ್ನಡಕ ಹಾಕಿಕೊಂಡು ನೋಡಿದೆ, ನಾನು ಬಿಡಿಸಿದ ಅತಿ ಸಣ್ಣ ಗೆರೆ ಅದು. ಸ್ಪಷ್ಟವಾಗಿದೆ. ಭಾನುವಾರದ ಇಪ್ಪತ್ತೆರಡು ಪ್ರತಿ ಈಗ ಮೇಜಿನ ಮೇಲಿವೆ.

ಒಂದು ಸಂದೇಹ ಉಳಿದಿದೆ. ಮೊಮ್ಮಗುವಿನ ನಾಮಕರಣಕ್ಕೆ ಮುಂದಿನ ತಿಂಗಳು ಮತ್ತೆ ಹದಿನೈದು ದಿನ ಪುಣೆಗೆ ಹೋಗಬೇಕು. ಏನು ಮಾಡಿ ಹೋಗಲಿ?


ಬೆಟಗೇರಿ ಮುದ್ರಕ, ಗದಗ
ಜೂನ್ 21, ಮಧ್ಯಾಹ್ನ 2.00

ಬಹಳ ಸಂತೋಷವಾಯಿತು, ಅಕ್ಕನವರೇ. ಹೊರಡುವ ದಿನ ನಾಲ್ಕೂ ಬಣ್ಣ ಇರುವ ಒಂದು ಪುಟ ಮುದ್ರಿಸಿ. ಯಂತ್ರದ ಮೇಲಿರುವ ಅದರದೇ ಬಟನ್ ಒತ್ತಿ ಆರಿಸಿ. ಹೆಡ್ ಬಲಕ್ಕೆ ಹೋಗಿ ಟಕ್ ಎಂದು ಕೂರುವ ಸದ್ದು ಬರುತ್ತದೆ, ಬೆಳಕು ಆರುತ್ತದೆ, ಅಲ್ಲಿಯವರೆಗೆ ನಿಂತು ನೋಡಿ, ಆಮೇಲೆ ಗೋಡೆಯ ಸ್ವಿಚ್. ನಡುವೆ ಕರೆಂಟ್ ಹೋದರೆ, ಮರಳಿ ಬಂದ ಮೇಲೆ ಯಂತ್ರವನ್ನು ಒಮ್ಮೆ ಹಾಕಿ ಅದರ ಬಟನ್‌ನಿಂದಲೇ ಆರಿಸಬೇಕು. ಬಸ್ಸಿಗೆ ಹೊತ್ತಾಗಿದ್ದರೆ ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು ಇಷ್ಟನ್ನು ಹೇಳಿ ಹೋಗಿ. ಕ್ಯಾಪಿನಲ್ಲಿ ನೀರು ಬಿಟ್ಟು ಹೋಗಬೇಡಿ, ಅದು ಚಿಕಿತ್ಸೆಗೆ ಮಾತ್ರ. ಹದಿನೈದು ದಿನಕ್ಕೆ ಏನೂ ಆಗುವುದಿಲ್ಲ.

ಊರಿನಲ್ಲಿ ಇರುವಾಗ ನಿಮ್ಮ ಭಾನುವಾರದ ನಕಾಶೆಯೇ ಸಾಕು, ಬೇಸಿಗೆಯಲ್ಲಿ ಮಾತ್ರ ವಾರದ ನಡುವೆ ಒಂದು ಸಣ್ಣ ಬಣ್ಣದ ಪಟ್ಟಿ ಹಾಕಿ. ಕಿಟಕಿಯ ಬಿಸಿಲು, ಫ್ಯಾನಿನ ನೇರ ಗಾಳಿ ಬೇಡ. ಇಂಕ್ ಕೆಳಗಿನ ಗೆರೆ ಮುಟ್ಟುವ ಮೊದಲೇ ತುಂಬಿ, ಈಗ ನೀಲಿ ಎಷ್ಟಿದೆ ನೋಡಿ.


ಸಪ್ತಾಪುರದ ಅಕ್ಕ, ಧಾರವಾಡ
ಜೂನ್ 21, ಮಧ್ಯಾಹ್ನ 2.20

ಗೆರೆಗಿಂತ ಒಂದು ಬೆರಳು ಮೇಲಿದೆ. ಸಂಜೆ ಮಳೆ ಬಿಟ್ಟ ಮೇಲೆ ಬಾಟಲಿ ತರುತ್ತೇನೆ.